ಹಿರಿಯರ ಹೃದಯ ತಪಾಸಣೆ: ಉಪಕರಣ ಎಚ್ಚರಿಸಿದ ಮೇಲೆ ನೋಡುವವರು ಯಾರು?

ಮಾನ್ಯ ಸಂಪಾದಕರಿಗೆ,

ಕೈಗಡಿಯಾರ, ಎದೆಗೆ ಅಂಟಿಸುವ ಪಟ್ಟಿ, ಮೊಬೈಲ್‌ಗೆ ಜೋಡಿಸುವ ಇಸಿಜಿ ಸಾಧನ ಮುಂತಾದವುಗಳಿಂದ, ಸೂಜಿ ಚುಚ್ಚದೆ, ಕೊಯ್ಯದೆ ಹಿರಿಯರ ಹೃದ್ರೋಗವನ್ನು ಮೊದಲೇ ಪತ್ತೆ ಹಚ್ಚಬಹುದೆಂಬ ಬರಹಗಳು ಪತ್ರಿಕೆಗಳಲ್ಲಿ ಮೇಲಿಂದ ಮೇಲೆ ಬರುತ್ತಿವೆ. ಇಸಿಜಿ ವಿಭಾಗದಲ್ಲಿ ಬಹುಕಾಲ ಕೆಲಸ ಮಾಡಿ ನಿವೃತ್ತಳಾಗಿರುವ ನನಗೆ ಈ ಬೆಳವಣಿಗೆಯಿಂದ ನಿಜಕ್ಕೂ ಸಂತೋಷವಾಗಿದೆ. ಆದರೆ ಇಂಥ ಬರಹಗಳು ಉಪಕರಣ ಏನನ್ನು ಅಳೆಯುತ್ತದೆ ಎಂದು ತಿಳಿಸುವಲ್ಲಿಗೆ ನಿಂತುಬಿಡುತ್ತವೆ. ಅಳತೆಯಲ್ಲಿ ವ್ಯತ್ಯಾಸ ಕಂಡರೆ ಅದನ್ನು ಯಾರು ನೋಡಬೇಕು, ಎಷ್ಟು ದಿನದೊಳಗೆ ನೋಡಬೇಕು, ಮುಂದಿನ ಪರೀಕ್ಷೆ ಯಾವುದು ಎಂಬ ವಿಚಾರ ಅವುಗಳಲ್ಲಿ ಕಾಣುವುದಿಲ್ಲ. ಹಿರಿಯರಿಗೆ ಪ್ರಯೋಜನವಾಗುವುದೂ ಆಗದಿರುವುದೂ ಈ ಎರಡನೆಯ ಭಾಗವನ್ನೇ ಅವಲಂಬಿಸಿದೆ ಎಂದು ನಾನು ನಂಬಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ವಯಸ್ಸಾದವರಲ್ಲಿ ಹೃದ್ರೋಗ ಕಾಣಿಸಿಕೊಳ್ಳುವ ರೀತಿಯೇ ಬೇರೆ. ಎದೆನೋವು ಬಂದೇ ಬರುತ್ತದೆ ಎಂದು ಕಾಯುವಂತಿಲ್ಲ. ಸುಸ್ತು, ಏದುಸಿರು, ಹಸಿವಿಲ್ಲದಿರುವುದು, ಇದ್ದಕ್ಕಿದ್ದಂತೆ ಮಂಕಾಗುವುದು ಇವೇ ಮೊದಲ ಲಕ್ಷಣಗಳಾಗಿರಬಹುದು. ಬಹುಕಾಲದಿಂದ ಮಧುಮೇಹ ಇರುವವರಲ್ಲಿ ಹೃದಯಾಘಾತವೂ ನೋವಿಲ್ಲದೆ ಆಗಿಹೋಗಿ, ಮುಂದೆ ಬೇರಾವುದೋ ಕಾರಣಕ್ಕೆ ತೆಗೆದ ಇಸಿಜಿಯಲ್ಲಿ ಅದರ ಗುರುತು ಸಿಗುವುದುಂಟು. ಇಷ್ಟಲ್ಲದೆ, ಏದುಸಿರು ಶುರುವಾದಾಗ ಹಿರಿಯರು ಅದನ್ನು ಯಾರಿಗೂ ಹೇಳದೆ ಮೆಟ್ಟಿಲು ಹತ್ತುವುದನ್ನೇ ಬಿಟ್ಟುಬಿಡುತ್ತಾರೆ, ನಡಿಗೆಯನ್ನು ಅರ್ಧಕ್ಕೆ ಇಳಿಸುತ್ತಾರೆ. ಆಮೇಲೆ ವೈದ್ಯರು "ಏದುಸಿರು ಬರುತ್ತದೆಯೇ?" ಎಂದು ಕೇಳಿದರೆ "ಇಲ್ಲ" ಎನ್ನುತ್ತಾರೆ, ಅದು ಸುಳ್ಳೂ ಅಲ್ಲ. ಬಾಯಿಮಾತಿನಲ್ಲಿ ಸಿಗದ ಈ ಮಾಹಿತಿಯನ್ನು ನಿಯಮಿತ ಅಳತೆಗಳಿಂದಲೇ ಪಡೆಯಬೇಕಾಗುತ್ತದೆ.

ಇಂಥ ಅಳತೆಗಳಲ್ಲಿ ಎಲ್ಲಕ್ಕಿಂತ ಸುಲಭವಾದದ್ದು ನಾಡಿ ಹಿಡಿದು ನೋಡುವುದು. ಏಟ್ರಿಯಲ್ ಫಿಬ್ರಿಲೇಷನ್ ಎಂಬ ತೊಂದರೆಯಲ್ಲಿ ಹೃದಯದ ಮೇಲಿನ ಕೋಣೆಗಳು ಸರಿಯಾಗಿ ಸಂಕುಚಿಸದೆ ಅದುರುತ್ತಿರುತ್ತವೆ. ಆಗ ಬೆರಳಿಗೆ ಸಿಗುವ ಬಡಿತಕ್ಕೆ ಒಂದು ಲೆಕ್ಕವೇ ಇರುವುದಿಲ್ಲ: ಎರಡು ಬಡಿತ ಹತ್ತಿರ ಹತ್ತಿರ, ಮೂರನೆಯದು ತಡವಾಗಿ, ನಾಲ್ಕನೆಯದು ಸಿಕ್ಕೂ ಸಿಗದಷ್ಟು ಕ್ಷೀಣ. ಈ ತೊಂದರೆ ಇರುವವರಿಗೆ ಪಾರ್ಶ್ವವಾಯುವಿನ ಅಪಾಯ ಸುಮಾರು ಐದು ಪಟ್ಟು ಹೆಚ್ಚು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧದಿಂದ ಆ ಅಪಾಯವನ್ನು ಸುಮಾರು ಮೂರನೇ ಎರಡರಷ್ಟು ಇಳಿಸಬಹುದು. ಎಷ್ಟೋ ಮಂದಿಗೆ ಇದು ಬಂದುಹೋಗುವುದು ಗೊತ್ತೇ ಆಗುವುದಿಲ್ಲ, ಹತ್ತು ಸೆಕೆಂಡಿನ ಸಾಮಾನ್ಯ ಇಸಿಜಿಗೆ ಸಿಗುವುದೂ ಇಲ್ಲ. ಹೀಗಾಗಿಯೇ ದಿನಗಟ್ಟಲೆ ದಾಖಲಿಸುವ ಸಾಧನಗಳಿಗೆ ಇಷ್ಟು ಮಹತ್ವ ಬಂದಿದೆ. 1940ರ ದಶಕದ ಕೊನೆಯಲ್ಲಿ ಅಮೆರಿಕದ ವಿಜ್ಞಾನಿ ನಾರ್ಮನ್ ಹೋಲ್ಟರ್ ಅವರು ಓಡಾಡುತ್ತಲೇ ಇಸಿಜಿ ಕಳುಹಿಸಬಲ್ಲ ಯಂತ್ರವನ್ನು ರೂಪಿಸಿದಾಗ, ಬೆನ್ನಿಗೆ ಹೊತ್ತುಕೊಳ್ಳಬೇಕಾಗಿದ್ದ ಅದರ ತೂಕ ಸುಮಾರು 38 ಕೆ.ಜಿ. ಇತ್ತು. ಇಂದು ಅದೇ ಕೆಲಸವನ್ನು ಎದೆಯ ಮೇಲಿನ ಸಣ್ಣ ಪಟ್ಟಿಯೊಂದು ಎರಡು ವಾರ ಮಾಡಬಲ್ಲದು.

ಹಾಗೆಂದು ಹೆಚ್ಚು ಪತ್ತೆಯಾದಷ್ಟೂ ಹೆಚ್ಚು ಜೀವ ಉಳಿಯುತ್ತದೆ ಎಂದು ಹೇಳಲಾಗದು. ಸ್ವೀಡನ್ನಿನಲ್ಲಿ 75–76 ವಯಸ್ಸಿನವರನ್ನು ಕರೆದು, ಕೈಯಲ್ಲಿ ಹಿಡಿಯುವ ಸಾಧನದಿಂದ ಎರಡು ವಾರ ಕಾಲ ಇಸಿಜಿ ತೆಗೆಸಿ ನಡೆಸಿದ ಸ್ಟ್ರೋಕ್‌ಸ್ಟಾಪ್ ಅಧ್ಯಯನದ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಪಾರ್ಶ್ವವಾಯು, ತೀವ್ರ ರಕ್ತಸ್ರಾವ, ಸಾವು ಇತ್ಯಾದಿಗಳನ್ನು ಒಟ್ಟಾಗಿ ಲೆಕ್ಕ ಹಾಕಿದಾಗ, ಕರೆ ಹೋದವರ ಗುಂಪಿಗೆ ಸಣ್ಣದಾದರೂ ಖಚಿತವಾದ ಲಾಭ ಕಂಡಿತು. ಅದೇ ವರ್ಷ ಡೆನ್ಮಾರ್ಕಿನ ಲೂಪ್ ಅಧ್ಯಯನದಲ್ಲಿ ಚರ್ಮದಡಿ ಇರಿಸುವ ಸಾಧನ ಬಳಸಿದಾಗ (ಅದು ಈ ಪತ್ರದ ವಿಷಯವಾದ ಬಗೆಯ ಸಾಧನವಲ್ಲ) ಏಟ್ರಿಯಲ್ ಫಿಬ್ರಿಲೇಷನ್ ಪತ್ತೆಯ ಪ್ರಮಾಣ ಸುಮಾರು ಮೂರು ಪಟ್ಟಾದರೂ ಪಾರ್ಶ್ವವಾಯು ಗಣನೀಯವಾಗಿ ಕಡಿಮೆಯಾಗಲಿಲ್ಲ. ಕೆಲವೇ ನಿಮಿಷ ಕಾಣಿಸಿ ಮಾಯವಾಗುವ ತೊಂದರೆಗೂ ಪದೇಪದೇ ಬರುವ ತೊಂದರೆಗೂ ಒಂದೇ ಚಿಕಿತ್ಸೆ ಬೇಕೇ ಎಂಬ ಪ್ರಶ್ನೆಯನ್ನು ಇದು ಎತ್ತಿದೆ. ನನ್ನ ಮಟ್ಟಿಗೆ ಸ್ವೀಡನ್ನಿನ ಪ್ರಯತ್ನದಲ್ಲಿ ಗಮನಿಸಬೇಕಾದದ್ದು ಅದು ಬಳಸಿದ ಸಾಧನವನ್ನಲ್ಲ. ತೊಂದರೆ ಕಂಡವರನ್ನು ಹೃದ್ರೋಗ ತಜ್ಞರ ಬಳಿಗೆ ಕಳುಹಿಸಿ, ಚಿಕಿತ್ಸೆ ಆರಂಭಿಸುವ ವ್ಯವಸ್ಥೆ ಮೊದಲೇ ಸಿದ್ಧವಾಗಿತ್ತು. ರೋಗ ಇರುವುದು ಮೊದಲೇ ಗೊತ್ತಿದ್ದರೂ ಔಷಧ ತೆಗೆದುಕೊಳ್ಳದೆ ಉಳಿದಿದ್ದವರೂ ಆ ತಪಾಸಣೆಯಲ್ಲಿ ಕಣ್ಣಿಗೆ ಬಿದ್ದರು.

ಉಪಕರಣದ ಎಚ್ಚರಿಕೆಯನ್ನು ಮನುಷ್ಯರೇ ಕಣ್ಣಿಟ್ಟು ಪರಿಶೀಲಿಸಬೇಕೆಂದು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ವಯಸ್ಸಾದವರ ಒಣಗಿದ, ತೆಳ್ಳಗಿನ ಚರ್ಮದ ಮೇಲೆ ಇಸಿಜಿಯ ಅಂಟುಬಿಲ್ಲೆ ಸರಿಯಾಗಿ ಕೂರುವುದಿಲ್ಲ. ಕೈನಡುಕ ಇರುವವರ ದಾಖಲೆಯಲ್ಲಿ ಗೆರೆ ಎಷ್ಟು ಕ್ರಮವಾಗಿ ಅದುರುತ್ತದೆಂದರೆ, ಯಂತ್ರವು ಅದನ್ನೇ ಹೃದಯದ ಲಯದೋಷವೆಂದು ಮುದ್ರಿಸಿಬಿಡುತ್ತದೆ. ಅವರ ಕೈಗಳನ್ನು ತೊಡೆಯಡಿ ಇರಿಸಿ, ಹೊದಿಕೆ ಹೊದಿಸಿ, ಚಳಿ ಹೋದ ಮೇಲೆ ಮತ್ತೆ ತೆಗೆದಾಗ ಗೆರೆ ನೇರವಾಗಿ, ಸಾಮಾನ್ಯ ಲಯವೇ ಕಾಣಿಸಿದ ಸಂದರ್ಭಗಳು ನನ್ನ ಕೆಲಸದಲ್ಲಿ ಹಲವಿದ್ದವು. ಮನೆಯಲ್ಲಿ ಒಬ್ಬರೇ ಇರುವ ಹಿರಿಯರೊಬ್ಬರಿಗೆ ನಡುರಾತ್ರಿ ಗಡಿಯಾರ ಇಂಥದ್ದೇ ಎಚ್ಚರಿಕೆ ಕೊಟ್ಟರೆ, ಅದನ್ನು ತೋರಿಸಿ ಕೇಳಲು ಅವರಿಗೆ ಯಾರೂ ಇಲ್ಲದಿದ್ದರೆ, ನಾವು ಅವರಿಗೆ ಕೊಟ್ಟಿರುವುದು ಭಯವನ್ನೇ ಹೊರತು ರಕ್ಷಣೆಯನ್ನಲ್ಲ.

ಇದಕ್ಕೆ ವಿರುದ್ಧವಾದ ಅಪಾಯ ಇನ್ನೂ ದೊಡ್ಡದು. ಒಂದೇ ಕೋನದಿಂದ ನೋಡುವ ಗಡಿಯಾರದ ಇಸಿಜಿಯಿಂದ ಹೃದಯಾಘಾತ ಆಗಿಲ್ಲ ಎಂದು ಹೇಳಲು ಬರುವುದಿಲ್ಲ. ಎದೆಯಲ್ಲಿ ಬಿಗಿತವಿದ್ದು ಪರದೆಯ ಮೇಲೆ 'ಸಾಮಾನ್ಯ' ಎಂದು ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಲೇಬೇಕು. ಹೃದಯದ ಕವಾಟ ಕಿರಿದಾಗಿರುವುದನ್ನೂ ಗಡಿಯಾರ ಖಚಿತವಾಗಿ ತಿಳಿಸದು. ಅದಕ್ಕೆ ವೈದ್ಯರು ಸ್ಟೆತಸ್ಕೋಪ್ ಇಟ್ಟು ಕೇಳಬೇಕು, ಮರ್ಮರ (ಬಡಿತಗಳ ನಡುವಿನ ಅಸಹಜ ಸದ್ದು) ಕೇಳಿಸಿದರೆ ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್ ಪರೀಕ್ಷೆ ಮಾಡಿಸಬೇಕು.

ರಕ್ತದೊತ್ತಡದ ಮಾತನ್ನೂ ಇಲ್ಲಿ ಸೇರಿಸಬೇಕು, ಏಕೆಂದರೆ ಹೊಸ ಸಾಧನಗಳ ಉತ್ಸಾಹದಲ್ಲಿ ಅದು ಹಿಂದೆ ಬಿದ್ದಿದೆ. ತೋಳಿಗೆ ಸುತ್ತುವ ಪಟ್ಟಿಯ ಯಂತ್ರವನ್ನು ಮನೆಯಲ್ಲಿ ಸರಿಯಾಗಿ ಬಳಸಿದರೆ ಸಿಗುವಷ್ಟು ಉಪಯುಕ್ತ ಮಾಹಿತಿ ದುಬಾರಿ ಗಡಿಯಾರಗಳಿಂದಲೂ ಸಿಗುವುದಿಲ್ಲ. ಐದು ನಿಮಿಷ ಸುಮ್ಮನೆ ಕುಳಿತು, ಬೆನ್ನಿಗೆ ಆಸರೆ ಕೊಟ್ಟು, ಪಾದಗಳನ್ನು ನೆಲಕ್ಕೂರಿ, ತೋಳನ್ನು ಎದೆಯ ಮಟ್ಟದಲ್ಲಿ ಮೇಜಿನ ಮೇಲಿಟ್ಟು, ಒಂದೊಂದು ನಿಮಿಷದ ಅಂತರದಲ್ಲಿ ಎರಡು ಸಲ, ಬೆಳಿಗ್ಗೆ ಮತ್ತು ಸಂಜೆ, ಒಂದು ವಾರ ಅಳೆದು ಬರೆದಿಡಬೇಕು. ಮೊದಲ ದಿನದ್ದನ್ನು ಬಿಟ್ಟು ಉಳಿದವುಗಳ ಸರಾಸರಿ 135/85 ಅಥವಾ ಅದಕ್ಕಿಂತ ಹೆಚ್ಚಿದ್ದರೆ ವೈದ್ಯರಿಗೆ ತೋರಿಸಬೇಕು. ವಯಸ್ಸಾದವರಲ್ಲಿ ಎದ್ದು ನಿಂತ ಮೇಲೂ ಒಮ್ಮೆ ಅಳೆಯುವುದು ಅಗತ್ಯ. ನಿಂತ ಮೂರು ನಿಮಿಷದೊಳಗೆ ಮೇಲಿನ ಸಂಖ್ಯೆ 20ರಷ್ಟು ಇಳಿದರೆ ಅವರು ಬೀಳುವ ಅಪಾಯವಿದೆ, ಔಷಧದ ಪ್ರಮಾಣವನ್ನು ಮತ್ತೆ ನೋಡಬೇಕಾಗಬಹುದು.

ಆದ್ದರಿಂದ ಹಿರಿಯರ ತಪಾಸಣೆಯನ್ನು ರೂಪಿಸುವವರಲ್ಲಿ ನನ್ನ ವಿನಂತಿ ಇಷ್ಟು. 65 ದಾಟಿದ ಯಾರೇ ಆಗಲಿ, ಯಾವ ಕಾಯಿಲೆಗೆ ಬಂದಿದ್ದರೂ, ಅವರ ನಾಡಿಯನ್ನು ಪೂರ್ತಿ ಒಂದು ನಿಮಿಷ ಹಿಡಿದು ನೋಡುವುದು ರೂಢಿಯಾಗಲಿ. ಲಯ ತಪ್ಪಿದ್ದರೆ ಅಂದೇ ಹನ್ನೆರಡು ಲೀಡ್‌ಗಳ, ಅಂದರೆ ಹೃದಯವನ್ನು ಹನ್ನೆರಡು ಕೋನಗಳಿಂದ ನೋಡುವ ಇಸಿಜಿ ತೆಗೆಯಲಿ. ಸಾಧನವನ್ನು ಮನೆಗೆ ಕೊಟ್ಟು ಕಳುಹಿಸುವ ಯಾವುದೇ ಯೋಜನೆಯಲ್ಲಿ, ಬಂದ ದಾಖಲೆಯನ್ನು ಓದುವ ವ್ಯಕ್ತಿ ಯಾರು, ಅವರಿಗೆ ಕರೆ ಮಾಡುವುದು ಹೇಗೆ, ಉತ್ತರ ಎಷ್ಟು ದಿನದಲ್ಲಿ ಬರುತ್ತದೆ ಎಂಬುದನ್ನು ದೊಡ್ಡ ಅಕ್ಷರದಲ್ಲಿ ಬರೆದು ಸಾಧನದ ಜೊತೆಗೇ ಕೊಡಲಿ. ಪತ್ರಿಕೆಗಳೂ ಇಂಥ ಉಪಕರಣಗಳನ್ನು ಪರಿಚಯಿಸುವಾಗ, ಅವು ಪತ್ತೆ ಮಾಡಲಾರದ ಕಾಯಿಲೆಗಳು ಯಾವುವು ಎಂಬುದನ್ನು ಅದೇ ಬರಹದಲ್ಲಿ ತಿಳಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಇಸಿಜಿ ತಂತ್ರಜ್ಞೆ