ಕೆನಡಾದ ಮೂಲನಿವಾಸಿಗಳ ಮುಖವಾಡಗಳೂ ಹಕ್ಕುಪತ್ರಗಳೇ

ಮಾನ್ಯ ಸಂಪಾದಕರೇ,

ಸೆಪ್ಟೆಂಬರ್ 30 ಬಂತೆಂದರೆ ಕೆನಡಾದಲ್ಲಿ ಶಾಲೆಯ ಮಕ್ಕಳೂ ಕಚೇರಿಯ ನೌಕರರೂ ಕಿತ್ತಳೆ ಬಣ್ಣದ ಅಂಗಿ ತೊಡುತ್ತಾರೆ. ಮೂಲನಿವಾಸಿ ಮಕ್ಕಳನ್ನು ಹೆತ್ತವರಿಂದ ಬಿಡಿಸಿ ಕೂಡಿಹಾಕಿದ ವಸತಿ ಶಾಲೆಗಳ ನೆನಪಿನ ದಿನ ಅದು. ಅದರ ಬಗ್ಗೆ ನಾಲ್ಕು ಸಾಲು ಕನ್ನಡ ಪತ್ರಿಕೆಗಳಲ್ಲೂ ಬರುವುದನ್ನು ಕಂಡರೆ ಇಲ್ಲಿ ನೆಲೆಸಿರುವ ನನ್ನಂಥವರಿಗೆ ಸಮಾಧಾನವಾಗುತ್ತದೆ. ಆದರೆ ಆ ಸುದ್ದಿಯಲ್ಲಿ ಶಾಲೆಯೊಂದೇ ಇರುತ್ತದೆ. ಆ ಜನರ ಆಡಳಿತದ ಪ್ರಸ್ತಾಪ ಇರುವುದಿಲ್ಲ. ಅವರ ಕಲೆ ಪ್ರವಾಸದ ಪುಟದಲ್ಲಿ ಬಣ್ಣಬಣ್ಣದ ಮುಖವಾಡವಾಗಿ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಈ ಮೂರನ್ನೂ ಬಿಡಿಬಿಡಿಯಾಗಿ ನೋಡಿದರೆ ಯಾವುದೂ ಅರ್ಥವಾಗುವುದಿಲ್ಲ ಎಂಬುದು ನನಗೆ ಮನವರಿಕೆಯಾದದ್ದು ಅಲರ್ಟ್ ಬೇ ಎಂಬ ಊರಿಗೆ ಹೋದಾಗ.

ವ್ಯಾಂಕೂವರ್ ದ್ವೀಪದ ಉತ್ತರ ಭಾಗದ ಪೋರ್ಟ್ ಮೆಕ್‌ನೀಲ್‌ನಲ್ಲಿ ಫೆರ್ರಿ ಹತ್ತಿದರೆ ಈ ಊರು ಸಿಗುತ್ತದೆ. ಆ ಕರಾವಳಿಯ ಮೂಲನಿವಾಸಿಗಳಾದ ಕ್ವಾಕ್ವಾಕಾವಾಕ್ವ್ ಜನರು 1980ರಲ್ಲಿ ತೆರೆದ ಉಮಿಸ್ತಾ ಸಾಂಸ್ಕೃತಿಕ ಕೇಂದ್ರ ಅಲ್ಲಿದೆ. ಅಲ್ಲಿನ ಮುಖವಾಡಗಳ ಮುಂದೆ ಗಾಜಿಲ್ಲ. ಕಾಡುಗೂಬೆ, ರಾವೆನ್ ಕಾಗೆ, ಕೊಕ್ಕು ತೆರೆದರೆ ಒಳಗಿನಿಂದ ಮನುಷ್ಯನ ಮುಖ ಕಾಣುವ ಹಕ್ಕಿ ಎಲ್ಲವೂ ಕೈಚಾಚಿದರೆ ತಾಗುವಷ್ಟು ಹತ್ತಿರದಲ್ಲಿ, ಬಯಲಾಗಿ ನಿಂತಿವೆ. ದಶಕಗಳ ಕಾಲ ಬೀಗದೊಳಗಿದ್ದವುಗಳನ್ನು ಮತ್ತೆ ಪೆಟ್ಟಿಗೆಯಲ್ಲಿಡಲು ಆ ಜನರಿಗೆ ಮನಸ್ಸು ಬರಲಿಲ್ಲ. ಹಿಂದೆ ಶತ್ರುಗಳು ಹೊತ್ತೊಯ್ದವರು ಮನೆಗೆ ಮರಳಿದರೆ ಅದನ್ನು ಅವರ ಭಾಷೆಯಲ್ಲಿ ‘ಉಮಿಸ್ತಾ’ ಎನ್ನುತ್ತಿದ್ದರಂತೆ.

ಈ ಮುಖವಾಡಗಳು ಪಾಟ್‌ಲ್ಯಾಚ್ ಎಂಬ ಕೂಟಕ್ಕೆ ಸೇರಿದವು. ನಾವು ಅದನ್ನು ಹಬ್ಬ ಎಂದು ಅನುವಾದಿಸಿ ಸುಮ್ಮನಾಗುತ್ತೇವೆ. ಹೊಸ ಮುಖ್ಯಸ್ಥನಿಗೆ ಹೆಸರಿಡುವುದು, ಮದುವೆಯ ಮೂಲಕ ಬಂದ ಹಕ್ಕನ್ನು ಸಾರುವುದು, ಯಾವ ಹಾಡು, ಯಾವ ಕುಣಿತ, ಯಾವ ಮುಖವಾಡ ಯಾವ ಮನೆತನಕ್ಕೆ ಸಲ್ಲುತ್ತದೆ ಎಂದು ನಾಲ್ಕು ಜನರ ಎದುರು ತೋರಿಸಿಕೊಡುವುದು, ಇವೆಲ್ಲ ನಡೆಯುವುದು ಅಲ್ಲೇ. ಬಂದವರು ಬರೀ ಅತಿಥಿಗಳಲ್ಲ, ಸಾಕ್ಷಿಗಳು. ಅವರು ಉಡುಗೊರೆ ಸ್ವೀಕರಿಸಿದರೆ ಆ ಹಕ್ಕನ್ನು ಒಪ್ಪಿಕೊಂಡಂತೆ. ಬರವಣಿಗೆಯಿಲ್ಲದ ಸಮಾಜದಲ್ಲಿ ಅದೇ ಸಭೆ, ಅದೇ ನೋಂದಣಿ ಕಚೇರಿ. ಮುಖವಾಡ ಅಲ್ಲಿನ ಹಕ್ಕುಪತ್ರ.

ಇದನ್ನು ಕೆನಡಾ ಸರ್ಕಾರ 1885ರಿಂದ ಅಪರಾಧವೆಂದು ಸಾರಿತು. 1921ರ ಕ್ರಿಸ್ಮಸ್ ಹೊತ್ತಿಗೆ ಡ್ಯಾನ್ ಕ್ರಾನ್ಮರ್ ಎಂಬವರು ವಿಲೇಜ್ ಐಲ್ಯಾಂಡ್ ಎಂಬ ದ್ವೀಪದಲ್ಲಿ ನಡೆಸಿದ ದೊಡ್ಡ ಪಾಟ್‌ಲ್ಯಾಚ್ ಸರ್ಕಾರದ ಏಜೆಂಟನ ಕಿವಿಗೆ ಬಿದ್ದು 45 ಜನರ ಮೇಲೆ ಮೊಕದ್ದಮೆ ಹೂಡಲಾಯಿತು. ಭಾಷಣ ಮಾಡಿದ್ದು, ಕುಣಿದದ್ದು, ಉಡುಗೊರೆ ಹಂಚಿದ್ದು ಅವರ ತಪ್ಪುಗಳು. ಮುಖವಾಡ, ತಾಮ್ರದ ಫಲಕಗಳನ್ನೆಲ್ಲ ಒಪ್ಪಿಸಿದ ಊರುಗಳವರಿಗೆ ಶಿಕ್ಷೆ ಅಮಾನತಾಯಿತು. ಸುಮಾರು 20 ಮಂದಿ ಒಕಾಲಾ ಜೈಲಿಗೆ ಹೋದರು. ವಶಪಡಿಸಿಕೊಂಡ ವಸ್ತುಗಳು ಒಟ್ಟಾವ, ಟೊರೊಂಟೊ, ನ್ಯೂಯಾರ್ಕ್‌ನ ವಸ್ತುಸಂಗ್ರಹಾಲಯಗಳನ್ನು ಸೇರಿದವು. ಒಕಾಲಾ ಇದ್ದದ್ದು ನಾನು ವಾಸಿಸುವ ಬರ್ನಬಿಯಲ್ಲೇ. ಜೈಲು 1991ರಲ್ಲಿ ಮುಚ್ಚಿ ಈಗ ಅಲ್ಲಿ ಮನೆಗಳೆದ್ದಿವೆ. ಅದರ ಕೆಳಗಿನ ಡೀರ್ ಲೇಕ್ ಕೆರೆಯ ದಂಡೆಯಲ್ಲಿ ವರ್ಷಗಟ್ಟಲೆ ಸಂಜೆ ನಡೆದಾಡಿದ್ದೇನೆ. ಕುಣಿದದ್ದಕ್ಕೆ ಜೈಲು ಕಂಡವರು ಅಲ್ಲಿದ್ದರೆಂಬುದು ನನಗೆ ಗೊತ್ತೇ ಇರಲಿಲ್ಲ.

ಸಭೆಯನ್ನು ಮುಚ್ಚಿದವರೇ ಶಾಲೆಯನ್ನು ತೆರೆದರು. 1920ರಲ್ಲಿ ಕಾನೂನು ತಿದ್ದಿ ಮೂಲನಿವಾಸಿ ಮಕ್ಕಳ ಹಾಜರಿಯನ್ನು ಕಡ್ಡಾಯಗೊಳಿಸಿದರು. 1929ರಲ್ಲಿ ಅಲರ್ಟ್ ಬೇಯಲ್ಲೇ ಸೇಂಟ್ ಮೈಕಲ್ಸ್ ವಸತಿ ಶಾಲೆಯ ಇಟ್ಟಿಗೆ ಕಟ್ಟಡ ಎದ್ದಿತು. ಹಾಡು ಯಾರದ್ದು, ಹೆಸರು ಯಾರಿಗೆ ಎಂದು ಅಜ್ಜಿಯ ಮಗ್ಗುಲಲ್ಲಿ ಕೂತು ಕಲಿಯಬೇಕಾದ ವಯಸ್ಸಿನಲ್ಲಿ ಮಕ್ಕಳಿಗೆ ಆ ಭಾಷೆ ಆಡಿದ್ದಕ್ಕೇ ಏಟು ಬೀಳುತ್ತಿತ್ತು. ಆ ಕಟ್ಟಡ ಉಮಿಸ್ತಾದ ಪಕ್ಕದಲ್ಲೇ ನಿಂತಿತ್ತು. ಅದನ್ನು ಕೆಡವಲು ಆರಂಭಿಸಿದ 2015ರ ಫೆಬ್ರುವರಿಯಲ್ಲಿ ಅಲ್ಲಿ ಓದಿದ ಹಿರಿಯರು ಬಂದು ಕಣ್ಣಾರೆ ನೋಡಿದರು. ದೇಶದಾದ್ಯಂತ ಸುಮಾರು 1,50,000 ಮಕ್ಕಳು ಇಂಥ ಶಾಲೆಗಳನ್ನು ಹಾದುಹೋದರು. ನ್ಯಾಯಮೂರ್ತಿ ಮರ್ರಿ ಸಿಂಕ್ಲೇರ್ ಅಧ್ಯಕ್ಷತೆಯ ಸತ್ಯ ಮತ್ತು ಸಂಧಾನ ಆಯೋಗ 2015ರಲ್ಲಿ ಇದನ್ನು ಸಾಂಸ್ಕೃತಿಕ ನರಮೇಧವೆಂದೇ ಕರೆಯಿತು.

ಪಾಟ್‌ಲ್ಯಾಚ್ ನಿಷೇಧ 1951ರಲ್ಲಿ ಸದ್ದಿಲ್ಲದೆ ಕಾನೂನಿನಿಂದ ಬಿದ್ದುಹೋಯಿತು, ಆದರೆ ಆ ಆಡಳಿತವನ್ನು ಆಡಳಿತವೆಂದು ಒಪ್ಪುವ ಜಗಳ ಇನ್ನೂ ಮುಗಿದಿಲ್ಲ. ಗಿಟ್‌ಕ್ಸಾನ್ ಮತ್ತು ವೆಟ್ಸುವೆಟೆನ್ ಜನರು ತಮ್ಮ ನೆಲಕ್ಕಾಗಿ ಹೂಡಿದ ದಾವೆಯಲ್ಲಿ ಹಿರಿಯ ಮಹಿಳೆಯೊಬ್ಬರು ಮನೆತನದ ಹಾಡನ್ನೇ ಸಾಕ್ಷ್ಯವಾಗಿ ಹಾಡಲು ನಿಂತಾಗ ವಿಚಾರಣಾ ನ್ಯಾಯಾಧೀಶರು ಹಾಡು ತಮ್ಮ ಕಿವಿಗೆ ದಕ್ಕದೆಂದು ತಕರಾರು ತೆಗೆದಿದ್ದರು. ಬಾಯಿಮಾತಿನ ಇತಿಹಾಸಕ್ಕೂ ಸಾಕ್ಷ್ಯದ ತೂಕ ಕೊಡಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು 1997ರಲ್ಲಿ. ಅಷ್ಟಾದರೂ 2020ರಲ್ಲಿ ಅದೇ ವೆಟ್ಸುವೆಟೆನ್ ನೆಲದ ಅನಿಲ ಕೊಳವೆಗೆ, ಇಂಡಿಯನ್ ಆ್ಯಕ್ಟ್ (ಮೂಲನಿವಾಸಿಗಳನ್ನು ಆಳಲು ಕೆನಡಾ ಮಾಡಿದ ಕಾನೂನು) ಹುಟ್ಟುಹಾಕಿದ ಚುನಾಯಿತ ಮಂಡಳಿಗಳ ಸಹಿಯೇ ಸಾಕೆಂದು ಕಂಪನಿ ನಡೆದುಕೊಂಡಿತು. ವಂಶಪರಂಪರೆಯ ಮುಖ್ಯಸ್ಥರ ವಿರೋಧವನ್ನು ಬೆಂಬಲಿಸಿ ದೇಶದಲ್ಲಿ ರೈಲುಗಳೇ ನಿಂತವು.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಮೊದಲನೆಯದಾಗಿ, ‘ರೆಡ್ ಇಂಡಿಯನ್ನರು’ ಎಂಬ ಹಳೆಯ ಮಾತನ್ನು ಕೈಬಿಟ್ಟು ಆಯಾ ಜನರನ್ನು ಅವರದೇ ಹೆಸರಿನಿಂದ ಬರೆಯಿರಿ. ಉಚ್ಚಾರ ಕಷ್ಟವಾದರೂ ಅಡ್ಡಿಯಿಲ್ಲ, ಫ್ರೆಂಚ್, ರಷ್ಯನ್ ಹೆಸರುಗಳನ್ನು ನಾವು ಕಲಿತಿಲ್ಲವೇ? ಅಂಕಿಅಂಶದಲ್ಲೂ ಎಚ್ಚರ ಬೇಕು. 2021ರಲ್ಲಿ ಕ್ಯಾಮ್‌ಲೂಪ್ಸ್ ವಸತಿ ಶಾಲೆಯ ಬಳಿ ನೆಲದಡಿ ಶೋಧಿಸುವ ರೇಡಾರ್ ತೋರಿಸಿದ್ದು ಗೋರಿಗಳಿರಬಹುದಾದ ಗುರುತುಗಳನ್ನು. ಅದು ‘215 ಶವಗಳು ಪತ್ತೆ’ ಎಂದು ಎಷ್ಟೋ ಕಡೆ ಅಚ್ಚಾಗಿ, ಇಡೀ ಚರಿತ್ರೆಯನ್ನೇ ಅಲ್ಲಗಳೆಯುವವರ ಕೈಗೆ ಕೋಲು ಕೊಟ್ಟಂತಾಯಿತು. ಶಾಲೆಗಳಲ್ಲಿ ಸತ್ತ 4,100ಕ್ಕೂ ಹೆಚ್ಚು ಮಕ್ಕಳ ಹೆಸರುಗಳು ದಾಖಲೆಯಲ್ಲೇ ಇವೆ, ಉತ್ಪ್ರೇಕ್ಷೆಯ ಅಗತ್ಯವಿಲ್ಲ.

ಕೆನಡಾದ ಪೌರರಾಗುವವರ ಪ್ರಮಾಣವಚನಕ್ಕೆ 2021ರಿಂದ ಮೂಲನಿವಾಸಿಗಳ ಹಕ್ಕುಗಳನ್ನು ಸಂವಿಧಾನ ಮಾನ್ಯ ಮಾಡಿದೆ ಎಂಬ ಮಾತು ಸೇರಿದೆ. ನನ್ನಂತೆ ಅನೇಕ ಕನ್ನಡಿಗರು ಬಲಗೈಯೆತ್ತಿ ಅದನ್ನು ಓದಿದ್ದೇವೆ. ಅಂದು ಅದು ನನ್ನ ಬಾಯಲ್ಲಿ ಒಂದು ಸಾಲಾಗಿತ್ತು. ಉಮಿಸ್ತಾದಲ್ಲಿ ಆ ಹಕ್ಕಿಯ ತೆರೆದ ಕೊಕ್ಕಿನ ಮುಂದೆ ನಿಂತಾಗ ಅದರ ಪದಪದವನ್ನೂ ನೆನಪಿಸಿಕೊಳ್ಳಲು ಪ್ರಯತ್ನಿಸಿದೆ.

ಇತಿ,
ತಮ್ಮ ಓದುಗ,
ಬರ್ನಬಿ, ಬ್ರಿಟಿಷ್ ಕೊಲಂಬಿಯಾ