ಪಂಪ್ ಬದಲಿಸುವ ಮೊದಲು ಪ್ರೆಶರ್ ಅಳೆಯಿರಿ

ಮಾನ್ಯರೇ,
ದೇವಿಮನೆ ಘಟ್ಟ ಹತ್ತಿಸಲು ಟರ್ಬೊ ಕಾರಿಗೆ ದೊಡ್ಡ ಆಯಿಲ್ ಪಂಪ್ ಕೂರಿಸುವವರು ಮೊದಲು ಬಿಸಿ ಇಂಜಿನ್‌ಗೆ ಮೆಕ್ಯಾನಿಕಲ್ ಗೇಜ್ ಹಾಕಿ ಆಯಿಲ್ ಪ್ರೆಶರ್ ನೋಡಲಿ. ಪ್ರತಿ 1,000 ಆರ್‌ಪಿಎಂಗೆ ಸುಮಾರು 10 ಪಿಎಸ್‌ಐ (ಒತ್ತಡದ ಅಳತೆ) ಎಂಬುದು ಹಳೆಯ ಲೆಕ್ಕ; ಕೊನೆಯ ಮಾತು ಕೈಪಿಡಿಯದ್ದೇ. ಬೇರಿಂಗ್ ಸವೆದು ಸಂದು ಹಿಗ್ಗಿದ್ದರೆ ದೊಡ್ಡ ಪಂಪ್ ಗೇಜಿನ ಮುಳ್ಳನ್ನು ಎತ್ತಿ ರೋಗ ಮುಚ್ಚುತ್ತದೆ, ಅಷ್ಟೇ. ತಿರುವಿನಲ್ಲಿ ಮಾತ್ರ ಮುಳ್ಳು ಬಿದ್ದರೆ ಹೆಚ್ಚಾಗಿ ತಪ್ಪು ಪಂಪಿನದಲ್ಲ: ಆಯಿಲ್, ಸಂಪಿನ (ಇಂಜಿನ್ ತಳದ ಆಯಿಲ್ ತೊಟ್ಟಿ) ಒಂದು ಬದಿಗೆ ಸರಿದು, ಪಿಕಪ್ (ಆಯಿಲ್ ಹೀರುವ ಕೊಳವೆ) ಗಾಳಿ ಹೀರುತ್ತಿರುತ್ತದೆ. ಆಯಿಲ್ ಮಟ್ಟ ಸರಿಮಾಡಿ, ಬ್ಯಾಫಲ್ (ಆಯಿಲ್ ಸರಿಯದಂತೆ ತಡೆಯುವ ತಗಡು) ಇರುವ ಸಂಪ್ ಹಾಕಿಸಿ. ಹೊಸ ಪಂಪೇ ಬೇಕಾದರೆ ಒಳಗೆ ಆಯಿಲ್ ತುಂಬಿ ಕೂರಿಸಿ. ಪಿಕಪ್‌ನ ಓ ರಿಂಗ್ (ರಬ್ಬರ್ ಸೀಲು) ಹೊಸದೇ ಇರಲಿ. ಹಳೆಯದರ ಕೂದಲೆಳೆ ಬಿರುಕೂ ಗಾಳಿಯನ್ನು ಒಳಗೆ ಬಿಡುತ್ತದೆ. ದಯವಿಟ್ಟು ಆತುರ ಬೇಡ: ಇಂಧನ, ಇಗ್ನಿಷನ್ ಕಡಿದು, ಪ್ರೆಶರ್ ತೋರುವವರೆಗೆ ಬಿಟ್ಟುಬಿಟ್ಟು ಕ್ರ್ಯಾಂಕ್ ಮಾಡಿ (ಸ್ಟಾರ್ಟರಿನಿಂದ ಇಂಜಿನ್ ತಿರುಗಿಸಿ), ಆಮೇಲೆ ಸ್ಟಾರ್ಟ್ ಮಾಡಿ.

- ಓದುಗ, ಶಿರಸಿ