ಪುರಭವನದ ಮುಖ ಬೀದಿಗೆ ಕಾಣುವಂತಿರಲಿ

ಮಾನ್ಯ ಸಂಪಾದಕರೇ,

ಮೈಸೂರಿನ ಪಾರಂಪರಿಕ ಕಟ್ಟಡಗಳ ದುರಸ್ತಿಯ ಪ್ರಸ್ತಾಪ ಬಂದಾಗಲೆಲ್ಲ ಛಾವಣಿ, ಗೋಡೆ, ಆಸನಗಳ ಚರ್ಚೆ ನಡೆಯುತ್ತದೆ. ರಂಗಮಂದಿರ ಬೀದಿಗೆ ತೋರುವ ಮುಖದ ಬಗ್ಗೆ ಮಾತು ಕಡಿಮೆ. ದಿವಾನ್ ರಂಗಾಚಾರ್ಲು ಅವರ ನೆನಪಿಗೆ ಕಟ್ಟಿದ ನಮ್ಮ ಪುರಭವನದ ವಿಷಯದಲ್ಲಿ ಆ ಮಾತನ್ನು ಆಡಲೇಬೇಕಾಗಿದೆ.

ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದಲ್ಲಿ 1921ರಲ್ಲಿ ಸ್ಟೇಟ್ ಥಿಯೇಟರ್ ಆರಂಭವಾಯಿತು. ಹಾಡು, ಕುಣಿತ, ಹಾಸ್ಯ, ಜಾದುಗಳನ್ನು ಒಂದೇ ಟಿಕೆಟ್ಟಿಗೆ ಒಂದರ ಹಿಂದೊಂದು ತೋರಿಸುವ ವಾಡ್ವಿಲ್ ಆಟಗಳೂ ಮೂಕಿ ಚಿತ್ರಗಳೂ ಅಲ್ಲಿ ನಡೆಯುತ್ತಿದ್ದವು. ಸಭಾಂಗಣ ಬಹಳ ಒಳಗಿದ್ದರೂ ಬಾಗಿಲು ಜನರು ಓಡಾಡುವ ಯೂಕ್ಲಿಡ್ ಅವೆನ್ಯೂವಿನ ಮೇಲೆಯೇ ಇರಬೇಕೆಂದು, ಕಟ್ಟಿಸಿದವರು ಸುಮಾರು 320 ಅಡಿ ಉದ್ದದ ಮೊಗಸಾಲೆಯನ್ನು ನಿರ್ಮಿಸಿದರು. ಬೀದಿಯ ಮೇಲೆ ಒಂದು ಬಾಗಿಲಿಗಾಗಿ ಅಷ್ಟು ಖರ್ಚು! 1972ರಲ್ಲಿ ಇದನ್ನೂ ಪಕ್ಕದ ಓಹಾಯೋ ಥಿಯೇಟರನ್ನೂ ಕೆಡವಿ ವಾಹನ ನಿಲ್ಲಿಸುವ ಜಾಗ ಮಾಡುವ ಯೋಜನೆ ಬಂದಾಗ ಊರಿನವರು ವಿರೋಧಿಸಿ ಉಳಿಸಿಕೊಂಡರು. 1980ರ ದಶಕದಲ್ಲಿ ಎರಡೂ ಜೀರ್ಣೋದ್ಧಾರಗೊಂಡು ಮತ್ತೆ ತೆರೆದವು.

ನಮ್ಮ ಪುರಭವನಕ್ಕೆ ಅಡಿಗಲ್ಲು ಬಿದ್ದದ್ದು 1884ರಲ್ಲಿ. ಗುಬ್ಬಿಯ ಶ್ರೀ ಚನ್ನಬಸವೇಶ್ವರ ನಾಟಕ ಸಂಘ ಹುಟ್ಟಿದ್ದೂ ಅದೇ ವರ್ಷ. ಕ್ಲೀವ್‌ಲ್ಯಾಂಡಿನವರು ಕಷ್ಟಪಟ್ಟು ಗಳಿಸಿದ ಬೀದಿಮುಖ ನಮ್ಮ ಪುರಭವನಕ್ಕೆ ಹುಟ್ಟಿನಿಂದಲೇ ಒದಗಿದೆ. ದೊಡ್ಡ ಗಡಿಯಾರದಿಂದ ನಾಲ್ಕು ಹೆಜ್ಜೆ, ಎದುರಿಗೆ ವಿಶಾಲ ಅಂಗಳ, ಅದರಾಚೆ ಕಂಬಸಾಲಿನ ಮುಖಮಂಟಪ. ಅಂಗಳದ ನೆಲದಡಿ ವಾಹನ ನಿಲುಗಡೆಯ ಕಾಮಗಾರಿ ವರ್ಷಗಟ್ಟಲೆ ಎಳೆದಾಗ ಆ ನೋಟಕ್ಕೇ ತಗಡಿನ ಬೇಲಿ ಅಡ್ಡವಾಗಿತ್ತು.

ನಾನು ಹುಡುಗನಾಗಿದ್ದಾಗ ನಾಟಕ ಕಂಪನಿಗಳು ನಮ್ಮೂರಿನಲ್ಲಿ ಮೊಕ್ಕಾಂ ಮಾಡಿದರೆ, ಸೋದರಮಾವ ನನ್ನನ್ನು ಆಟಕ್ಕೆ ಒಂದು ಗಂಟೆ ಮೊದಲೇ ಕರೆದೊಯ್ಯುತ್ತಿದ್ದರು. ಬಣ್ಣದ ಬೋರ್ಡು, ಸಾಲು ದೀಪ, ಟಿಕೆಟ್ ಕಿಂಡಿಯ ನೂಕುನುಗ್ಗಲು, ಗ್ರಾಮಫೋನಿನ ಹಾಡು, ಇವನ್ನೆಲ್ಲ ನೋಡುತ್ತ ನಿಲ್ಲುವುದೇ ನಮಗೆ ಅರ್ಧ ನಾಟಕವಾಗಿತ್ತು. ಟಿಕೆಟ್ಟಿಗೆ ಹಣವಿಲ್ಲದವರೂ ಅಷ್ಟನ್ನು ಕಂಡು ಮನೆಗೆ ಹೋಗುತ್ತಿದ್ದರು.

ಆದ್ದರಿಂದ ಸಂಬಂಧಪಟ್ಟವರಲ್ಲಿ ನನ್ನ ಕೋರಿಕೆಯಿಷ್ಟು: ಮುಖಮಂಟಪಕ್ಕೆ ಫ್ಲೆಕ್ಸ್ ಕಟ್ಟುವುದನ್ನೂ ಮೆಟ್ಟಿಲ ಬಳಿ ವಾಹನ ನಿಲ್ಲಿಸುವುದನ್ನೂ ತಡೆಯಬೇಕು. ಪ್ರದರ್ಶನವಿರುವ ಸಂಜೆ ಪ್ರೇಕ್ಷಕರನ್ನು ಎದುರು ಬಾಗಿಲಿನಿಂದಲೇ ಬರಮಾಡಿಕೊಂಡು, ಕಂಬಗಳಿಗೆ ದೀಪ ಹಾಕಿ, ಆ ದಿನದ ನಾಟಕದ ಹೆಸರನ್ನು ರಸ್ತೆಯಲ್ಲಿ ಹೋಗುವವರಿಗೆ ಕಾಣುವಂತೆ ಕನ್ನಡದಲ್ಲಿ ಬರೆಸಬೇಕು.

ಇಂತಿ,
ಒಬ್ಬ ರಂಗಾಸಕ್ತ, ಮೈಸೂರು